ಇತರೆ

ಒಂದು ಕೈಯಲ್ಲಿ ಕೋಲು, ಅದಕ್ಕೆ ಕೆಂಪು ಬಿಳಿ ಪಟ್ಟೆ,
ಇನ್ನೊಂದರಲ್ಲಿ ಫೋನು, ಮೂಲೆಯಲ್ಲಿ ಬಿರುಕು.
ದಾರ್ ಎಸ್ ಸಲಾಮಿನ ಈ ತಗ್ಗಿನಲ್ಲಿ
ನಾನು ಚರಂಡಿಗಳ ಆಳ ಅಳೆಯುವವಳು.
ಹೆಸರು ಸಿಕುಧಾನಿ: ‘ಎಣಿಸಿರಲಿಲ್ಲ’ ಎಂದರ್ಥ.
ಅಮ್ಮ ಎಣಿಸಿರಲಿಲ್ಲವಂತೆ, ನಾನು ಬಂದುಬಿಟ್ಟೆ.

ಫೋನು ಕೇಳುತ್ತದೆ: ಅಗಲ ಎಷ್ಟು?
ಸಿಮೆಂಟೋ, ಮಣ್ಣೋ?
ಕಟ್ಟಿಕೊಂಡಿದೆಯೇ? ಏನು ಸಿಕ್ಕಿಕೊಂಡಿದೆ?
ಪ್ಲಾಸ್ಟಿಕ್. ಮರಳು. ಇತರೆ.

ಹಾಸಿಗೆ ಸಿಕ್ಕಿಕೊಂಡಿತ್ತು.
ಇಬ್ಬರು ಮಲಗುವಂಥ ಸ್ಪಂಜಿನ ಹಾಸಿಗೆ,
ಹೂವಿನ ಹೊದಿಕೆ ಸಮೇತ, ನೀರು ಕುಡಿದು ಉಬ್ಬಿ.
‘ಇತರೆ’ ಒತ್ತಿ ಫೋಟೋ ತೆಗೆದೆ.

ಮುಂದಿನ ಪ್ರಶ್ನೆ, ಓಣಿಯ ಹೆಸರು.
ಪಕ್ಕದಲ್ಲೊಂದು ಚುಕ್ಕಿ: ತುಂಬದೆ ದಾಟುವಂತಿಲ್ಲ.

‘ಹೆಸರಿದ್ದಿದ್ದರೆ,’ ಎಂದ ಮೂರು ಗಾಲಿಯ ಬಜಾಜಿ ಓಡಿಸುವ ಪಾಜಿ,
‘ಇದ್ದಿಲಂಗಡಿ ದಾಟಿ ನಲ್ಲಿಯ ಬಲಕ್ಕೆ ಅಂತ
ದಿನವೆಲ್ಲ ಯಾಕೆ ಕೂಗುತ್ತಿದ್ದೆ?’
ಇದ್ದಿಲಿನವನು ಸತ್ತು ಆರು ವರ್ಷ.
ನಲ್ಲಿಯನ್ನು ಯಾರೋ ಬಿಚ್ಚಿಕೊಂಡು ಹೋದರು.
ಆದರೂ ನಾವು ಇಲ್ಲದ ಅಂಗಡಿ ದಾಟಿ
ಇಲ್ಲದ ನಲ್ಲಿಯ ಬಲಕ್ಕೆ ತಿರುಗಿ
ಮನೆ ಸೇರುತ್ತೇವೆ.

ಜನ ಸೇರಿದರು. ಒಬ್ಬನಿಗೆ ತನ್ನಪ್ಪನ ಹೆಸರೇ ಆಗಬೇಕು,
ಆ ಅಪ್ಪ ಉಳಿಸಿಹೋದ ಸಾಲ ಇನ್ನೊಬ್ಬನಿಗೆ ನೆನಪಾಯಿತು.
ಮಾತಿಗೆ ಮಾತು. ಬ್ಯಾಟರಿ ಶೇಕಡಾ ಹದಿನಾಲ್ಕು.
ಮಂದಾಜಿ ಕರಿಯುತ್ತಿದ್ದ ಚೌಸಿಕು ಅಜ್ಜಿ
ಬಾಣಲೆಯಿಂದ ತಲೆಯೆತ್ತದೆ ಅಂದಳು:
‘ಮೇಕೆ ನಿಂತ ಓಣಿ ಅಂತ ಬರೆ.’
ದೊಡ್ಡ ಮಳೆಯ ವರ್ಷ, ತಗಡಿನ ಮೇಲೆ
ಎರಡು ಹಗಲು ಒಂದು ರಾತ್ರಿ ನಿಂತಿತ್ತಂತೆ ಯಾರದೋ ಮೇಕೆ,
ಇಳಿಸಲು ಹೋದವರನ್ನೇ ಹಾಯ್ದಿತ್ತಂತೆ.
ಎಲ್ಲರೂ ನಕ್ಕರು.
ನಕ್ಕದ್ದನ್ನೇ ಒಪ್ಪಿಗೆ ಎಂದುಕೊಂಡೆ.

ಅಜ್ಜಿ ಗೋಡೆ ತೋರಿಸಿದಳು. ಇದ್ದಿಲಿನ ಗೆರೆಗಳು:
ಮೊಣಕಾಲಿಗೊಂದು, ಸೊಂಟಕ್ಕೊಂದು,
ಒಂದು ನನ್ನ ಗದ್ದದ ಹತ್ತಿರ.
‘ಇದನ್ನೂ ಹಾಕು.’
ಇದಕ್ಕೆ ಜಾಗವಿಲ್ಲ, ಅಜ್ಜಿ.
‘ನೀರಿಗೆ ಜಾಗವಿತ್ತಲ್ಲ.’
ಹಾಕಿದೆ. ಇತರೆಯಲ್ಲಿ.

ಮಾರ್ಚ್ ಕಳೆಯಿತು.
ನಗರಸಭೆಯ ತಂಪು ಕೋಣೆಯ ಪರದೆಯಲ್ಲಿ
ನಮ್ಮ ಹಾಸಿಗೆ ಕೆಂಪು ಚುಕ್ಕೆಯಾಗಿ ಮಿನುಗುತ್ತಿತ್ತಂತೆ.
ಎಲ್ಲರಿಗೂ ಗೊತ್ತಿತ್ತು.
ಗೊತ್ತಿರುವುದರಿಂದ ಎತ್ತುವುದರ ತನಕ
ಲಾರಿ ಓಡುವ ರಸ್ತೆ ಇರಲಿಲ್ಲ.
ಕೊನೆಗೆ ಪಾಜಿ ಹಗ್ಗ ತಂದು ಬಜಾಜಿಗೆ ಕಟ್ಟಿದ,
ಹನ್ನೊಂದು ಜನ ಹಿಂದಿನಿಂದ ನೂಕಿದೆವು.
ಬಂತು, ಬೈಗುಳಗಳ ಮೆರವಣಿಗೆಯಲ್ಲಿ.

ಫೋನು ಕೇಳಿತು: ಬಗೆಹರಿಯಿತೇ?
ಹೌದು ಒತ್ತಿದೆ.
ಮರುದಿನ ಕಚೇರಿಯ ಸಂದೇಶ:
ತಮ್ಮ ದೂರಿಗೆ ನಾವು ಸ್ಪಂದಿಸಿದ್ದೇವೆ, ಧನ್ಯವಾದ.
ಪಾಜಿ ಅದನ್ನು ಗಟ್ಟಿಯಾಗಿ ಓದಿದ,
ಮೂರು ಸಲ, ಪ್ರತಿ ಸಲ ಬೇರೆ ರಾಗದಲ್ಲಿ.

ಏಪ್ರಿಲಿನ ಒಂದು ರಾತ್ರಿ, ಎರಡೂಮುಕ್ಕಾಲಿಗೆ,
ಓಣಿಯ ಫೋನುಗಳೆಲ್ಲ ಒಟ್ಟಿಗೆ ಗುಂಯ್ ಅಂದವು.
ಸೇತುವೆಯಲ್ಲಿ ನೀರು ಏರುತ್ತಿದೆ.
ಮೇಕೆ ನಿಂತ ಓಣಿಯ ನಿವಾಸಿಗಳು
ಶಾಲೆಯ ದಿಬ್ಬಕ್ಕೆ ತೆರಳತಕ್ಕದ್ದು.
ಸರ್ಕಾರದ ಬಾಯಲ್ಲಿ ನಮ್ಮ ಮೇಕೆ!
ಕತ್ತಲಲ್ಲಿ ಯಾರೋ ಕಿಸಕ್ಕೆಂದರು,
ನಗುತ್ತಲೇ ಮಕ್ಕಳನ್ನು ಹೆಗಲಿಗೇರಿಸಿದರು.

ಚೌಸಿಕು, ಅಂದರೆ ರಾತ್ರಿ ಹುಟ್ಟಿದವಳು.
ಅಜ್ಜಿಗೆ ಫೋನಿಲ್ಲ. ಪಾಜಿ ಹೋಗಿ ಬಾಗಿಲು ಬಡಿದ.
‘ಗೊತ್ತು ಬಿಡು, ಇಲಿಗಳು ಆಗಲೇ ಹೊರಟವು’
ಎನ್ನುತ್ತ ಬಂದಳು, ಬಾಣಲೆ ತಲೆಯ ಮೇಲೆ ಬೋರಲು.

ನೀರಿಳಿದ ಬೆಳಿಗ್ಗೆ
ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು
ಹೊಸ ಗೆರೆ ಎಳೆದಳು, ನೆಲದಿಂದ ಗೇಣಿಗೂ ಕಡಿಮೆ.
‘ಈ ಸಲ ಇಷ್ಟೇ.
ಚರಂಡಿಯ ಪುಣ್ಯವೋ, ದೇವರದ್ದೋ,
ಆ ದರಿದ್ರ ಹಾಸಿಗೆಯದ್ದೋ. ಬರೆದುಕೋ.’

ಫೋನು ಸತ್ತಿತ್ತು.
ಕೋಲನ್ನು ಗೋಡೆಗೆ ಆನಿಸಿ ಹಿಡಿದೆ: ಹದಿನೇಳು ಸೆಂಟಿಮೀಟರು.
ಅಂಗೈ ಮೇಲೆ ಬರೆದುಕೊಂಡೆ,
ಅವಳ ಇದ್ದಿಲಿನಲ್ಲೇ.